ಆಟಕ್ಕೆ ಬೆಳಕು, ಗದ್ದೆಗೆ ಇರುಳು

ಗದ್ದೆಯ ಕೆಲಸ, ಹಸುವಿನ ಕೆಲಸ, ಒಲೆಯ ಮುಂದಿನ ಕೆಲಸ, ಎಲ್ಲ ಮುಗಿಸಿ ಕೈ ತೊಳೆದು ಹೊರಗೆ ಬಂದರೆ ಏಳು ಗಂಟೆಯ ಕತ್ತಲೆ. ಹಳ್ಳಿಯ ಹೆಂಗಸರಿಗೆ ಆಟ ಆಡಬೇಕು ಅನ್ನಿಸಿದರೆ ಯಾವಾಗ ಆಡಬೇಕು, ನೀವೇ ಹೇಳಿ. ಓಮನ ಇದೇ ಪ್ರಶ್ನೆಯನ್ನು ಪಂಚಾಯತ್ ಆಫೀಸಿಗೆ ಹೋಗಿ ಒಂದಲ್ಲ, ಮೂರು ಸಲ ಕೇಳಿದಳು. ಮೂರನೆಯ ಸಲ ಅಲ್ಲಿದ್ದವರಿಗೆ ಉತ್ತರ ಹೇಳುವುದಕ್ಕಿಂತ ದೀಪ ಹಾಕಿಸುವುದೇ ಸುಲಭ ಅನ್ನಿಸಿರಬೇಕು. ಓಣಂ ಹಬ್ಬಕ್ಕೆ ಸರಿಯಾಗಿ ಮೈದಾನದ ನಾಲ್ಕು ಮೂಲೆಗೆ ನಾಲ್ಕು ಕಂಬ ಬಂದವು. ಕಂಬಕ್ಕೆ ಎರಡರಂತೆ ಎಂಟು ದೊಡ್ಡ ದೀಪ.

ಮುತ್ತಂಗ ಕಾಡಿನ ಅಂಚಿನ ಆ ಊರಿನಲ್ಲಿ ಅಂದಿನಿಂದ ಸಂಜೆಯೆಂದರೆ ಸಂಭ್ರಮ. ಕುಡುಂಬಶ್ರೀ ಮಹಿಳಾ ಸಂಘದ ಎಂಟು ಹೆಂಗಸರು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ವಾಲಿಬಾಲ್ ಆಡಲು ಇಳಿಯುತ್ತಿದ್ದರು. ಓಮನಳಿಗೆ ನಲವತ್ತಾರು ವರ್ಷ, ಮಂಡಿ ಸ್ವಲ್ಪ ನೋವು, ಆದರೆ ನೆಟ್ಟಿನ ಹತ್ತಿರ ನಿಂತು ಚೆಂಡು ಎತ್ತಿಕೊಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಎತ್ತಿಕೊಟ್ಟದ್ದನ್ನು ಹಾರಿ ಹೊಡೆಯುವವಳು ಗೀತು. ಕಾಡಿನೊಳಗಿನ ಹಾಡಿಯ ಹುಡುಗಿ, ಹಗಲು ಕೃಷಿಭವನದಲ್ಲಿ ಕೆಲಸ. ಓಮನಳನ್ನು ಚೇಚಿ, ಅಂದರೆ ಅಕ್ಕ, ಅನ್ನುತ್ತಿದ್ದಳು. ಡಿಸೆಂಬರ್‌ನಲ್ಲಿ ಹತ್ತಿರದ ಮೀನಂಗಡಿ ಎಂಬ ಪೇಟೆಯಲ್ಲಿ ಹೆಂಗಸರ ಟೂರ್ನಮೆಂಟ್ ಇತ್ತು, ಅದಕ್ಕೆ ಇವರೂ ಹೆಸರು ಕೊಟ್ಟಿದ್ದರು.

ನಕ್ಕವರೂ ಇದ್ದರು ಅನ್ನಿ. "ಮೊಮ್ಮಕ್ಕಳನ್ನ ಎತ್ತೋ ವಯಸ್ಸಲ್ಲಿ ಚೆಂಡು ಎತ್ತುತ್ತಾವೆ" ಎಂದು ಚಹಾದಂಗಡಿಯಲ್ಲಿ ಕೂತವರು ಆಡಿಕೊಂಡಿದ್ದರು. ಓಮನ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಿದ್ದಳು. ಗಂಡ ಕುಞ್ಞಿರಾಮನ್ ಬೇಡ ಅಂದವನೂ ಅಲ್ಲ, ಬಂದು ನೋಡಿದವನೂ ಅಲ್ಲ. ಮೈದಾನದ ಪಕ್ಕದಲ್ಲೇ ಅವನ ಗದ್ದೆ, ಆದರೂ ಒಂದು ಸಂಜೆ ನಿಂತು ಆಟ ನೋಡಿರಲಿಲ್ಲ. "ನಂಗೆ ಅದೆಲ್ಲ ತಿಳಿಯಲ್ಲ ಕಣೆ" ಅನ್ನುತ್ತಿದ್ದ.

ನವೆಂಬರ್ ಮೊದಲ ವಾರ. ಬೆಳಗ್ಗೆ ಗದ್ದೆಗೆ ಹೋದ ಕುಞ್ಞಿರಾಮನ್ ಗಂಜಿ ಕುಡಿಯುವುದನ್ನೂ ಮರೆತು ಮನೆಗೆ ಮರಳಿದ.

"ಓಮನ, ಬೀಜದ ಗದ್ದೆ ಕೈ ಕೊಡ್ತು."

"ಏನಾಯ್ತು? ಹಂದಿ ಬಂತಾ?"

"ಹಂದಿ ಬಂದಿದ್ರೆ ಬೈಯೋಕೆ ಯಾರಾದ್ರೂ ಸಿಕ್ತಿದ್ರು. ಪೈರು ಎದೆಮಟ್ಟ ಬೆಳೆದದೆ, ಹಸಿರಾಗೇ ಅದೆ. ಒಂದೇ ಒಂದು ತೆನೆ ಇಲ್ಲ."

ಆ ಗದ್ದೆಯಲ್ಲಿದ್ದದ್ದು ಗಂಧಕಶಾಲ ಭತ್ತ. ಒಲೆಯ ಮೇಲೆ ಅನ್ನ ಬೆಂದರೆ ಮೂರು ಮನೆಯಾಚೆಗೆ ಪರಿಮಳ. ಊರಿನಲ್ಲಿ ಉಳಿದವರೆಲ್ಲ ಅದನ್ನು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಕುಞ್ಞಿರಾಮನ್ ಮಾತ್ರ ಅಜ್ಜನ ಕಾಲದ ಬೀಜವನ್ನು ಒಂದೇ ಗದ್ದೆಯಲ್ಲಿ ವರ್ಷ ವರ್ಷವೂ ಬಿತ್ತಿ, ತೆಗೆದು, ಮತ್ತೆ ಬಿತ್ತಿ ಉಳಿಸಿಕೊಂಡು ಬಂದಿದ್ದ. ತುಲಾಂ ತಿಂಗಳ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ, ತಪ್ಪದೆ ತೆನೆ ಇಣುಕುವ ಭತ್ತ ಅದು. ಆ ದಿನ ಕಳೆದು ಹತ್ತು ದಿನವಾಗಿತ್ತು. ಈ ಸಲ ತೆನೆ ಬಾರದಿದ್ದರೆ ಮುಂದಿನ ಸಲ ಬಿತ್ತಲು ಬೀಜವೇ ಇಲ್ಲ.

ಗೀತುವನ್ನು ಕರೆಸಿದರು. ಅವಳು ಗದ್ದೆಗಿಳಿದು ಪೈರು ಬಗ್ಗಿಸಿ ನೋಡಿದಳು, ಒಂದೆರಡು ಬುಡ ಸೀಳಿ ನೋಡಿದಳು. ರೋಗ ಇಲ್ಲ, ಹುಳ ಇಲ್ಲ. ಆಮೇಲೆ ತಲೆಯೆತ್ತಿ ಮೈದಾನದ ಕಂಬ ನೋಡಿದಳು.

"ಓಮನೇಚಿ, ಆಟ ಮುಗಿದ ಮೇಲೆ ಲೈಟ್ ಆಫ್ ಮಾಡೋದು ಯಾರು?"

"ಯಾರೂ ಇಲ್ಲ. ಬೆಳಗಿನ ತನಕ ಉರೀತದೆ. ಬೆಳಕಿದ್ರೆ ಆನೆ ಬರಲ್ಲ ಅಂತ ಕಮಿಟಿಯ ಪ್ರಜೀಷ್ ಹೇಳವ್ನಲ್ಲ."

"ಹಂಗಾದ್ರೆ ನಿಮ್ಮ ಭತ್ತಕ್ಕೆ ಇನ್ನೂ ರಾತ್ರಿನೇ ಆಗಿಲ್ಲ ಚೇಚಿ. ಗಂಧಕಶಾಲ ಹಂಗೇ. ಮಳೆಗಾಲ ಕಳೆದು ರಾತ್ರಿ ಉದ್ದ ಆಗ್ಬೇಕು, ಆಗ ಅದಕ್ಕೆ ತೆನೆ ಬಿಡೋ ಕಾಲ ಬಂತು ಅಂತ ತಿಳೀತದೆ. ಇಲ್ಲಿ ಬೆಳಗಿನ ತನಕ ಬೆಳಕು ಬಿದ್ರೆ ಅದಕ್ಕೆ ಹೆಂಗೆ ತಿಳೀಬೇಕು?"

"ಭತ್ತಕ್ಕೆ ಕಣ್ಣುಂಟಾ, ಬೆಳಕು ನೋಡೋಕೆ?"

"ಕಣ್ಣಿಲ್ಲ. ಎಲೆ ಉಂಟಲ್ಲ."

ಓಮನಳಿಗೆ ಸಿಟ್ಟು ನೆತ್ತಿಗೇರಿತು. "ನೀನೇ ಆ ಬೆಳಕಲ್ಲಿ ಹಾರಿ ಹೊಡೀತೀಯ, ಈಗ ನೀನೇ ಅದಕ್ಕೆ ಕಲ್ಲು ಹಾಕ್ತೀಯ? ಬೀಜ ಹಳೇದಾಯ್ತು, ಅಷ್ಟೇ. ಲೈಟಿನ ಸುದ್ದಿ ಎತ್ತಬೇಡ."

ಓಮನಳದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಸ್ವಭಾವ, ಅದು ಊರಿಗೇ ಗೊತ್ತು. ಆದರೆ ಈ ಸಲ ಹಟದ ಹಿಂದೆ ಹೆದರಿಕೆಯಿತ್ತು. ದೀಪದಿಂದ ಬೆಳೆ ಕೆಟ್ಟಿತು ಅಂತ ಒಂದು ಮಾತು ಚಹಾದಂಗಡಿಗೆ ಹೋದರೆ ಸಾಕು, ಕಂಬ ಕೀಳಿಸಲು ಜನ ಕಾದು ಕೂತಿದ್ದರು. ಕಂಬ ಹೋದರೆ ಆಟ ಹೋಯಿತು. ಎಂಟು ಹೆಂಗಸರು ಏಳು ಗಂಟೆಗೆ ಮತ್ತೆ ಟಿ.ವಿ. ಮುಂದೆ.

ಗೀತು ಬೇಸರ ಮಾಡಿಕೊಳ್ಳಲಿಲ್ಲ. "ನನ್ನ ಮಾತು ನಂಬಬೇಡಿ ಚೇಚಿ. ಗದ್ದೆಯಲ್ಲಿ ಬೆಳಕು ಬೀಳದ ಜಾಗ ಎಲ್ಲುಂಟು ಅಂತ ಹುಡುಕಿ. ಅಲ್ಲೂ ತೆನೆ ಇಲ್ಲದಿದ್ರೆ ನಾನು ಹೇಳಿದ್ದು ಸುಳ್ಳು" ಎಂದು ಹೇಳಿ ಹೋದಳು.

ಅವಳನ್ನು ಸುಳ್ಳಿ ಮಾಡಿಯೇ ಸಿದ್ಧ ಎಂದುಕೊಂಡು ಓಮನ ಅಂದೇ ಮಧ್ಯಾಹ್ನ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು. ಬದುವಿನುದ್ದಕ್ಕೂ ನಡೆದಳು. ಎಲ್ಲೆಲ್ಲೂ ಹಸಿರು. ಗೆದ್ದೆ ಅಂದುಕೊಂಡು ಮೈದಾನದ ಕಡೆಯ ಪಂಪ್ ಶೆಡ್ಡಿನ ಹಿಂದಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು. ಶೆಡ್ಡಿನ ಬೆನ್ನಿಗೆ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಭತ್ತ ತೆನೆ ಬಿಟ್ಟಿತ್ತು. ತೆನೆಯೆಲ್ಲ ಹೊರಗೆ ಬಂದು ಬಾಗಲು ಹತ್ತಿತ್ತು. ಅದರಿಂದ ಒಂದು ಗೇಣು ಈಚೆಗೆ ಬಂದರೆ ಮತ್ತೆ ಬರೀ ಎಲೆ. ಯಾರೋ ಗೆರೆ ಎಳೆದು ಇಷ್ಟು ನಿನಗೆ, ಇಷ್ಟು ನನಗೆ ಅಂತ ಪಾಲು ಮಾಡಿದ ಹಾಗಿತ್ತು.

ಸಂಜೆ ದೀಪ ಹತ್ತಿದ ಮೇಲೆ ಅವಳು ಆಟಕ್ಕೆ ಹೋಗದೆ ಮತ್ತೆ ಗದ್ದೆಗೆ ಬಂದಳು. ಶೆಡ್ಡಿನ ನೆರಳು ತೆನೆ ಬಿಟ್ಟ ಜಾಗದ ಮೇಲೇ ಬಿದ್ದಿತ್ತು. ಇಳಿಜಾರು ಮಾಡಿನ ಓರೆ ಸಹಿತ ಅಳತೆ ಸರಿ. ಉಳಿದ ಗದ್ದೆಯಲ್ಲಿ ಬೇಕಾದರೆ ಅಕ್ಕಿ ಆರಿಸಬಹುದು, ಅಷ್ಟು ಬೆಳಕು. ಆ ಒಂದು ಚಾಪೆ ತೆನೆಯಿಂದ ಗದ್ದೆಗೆ ಬೀಜ ಆಗುವುದೆಲ್ಲಿ ಬಂತು, ಗಿಳಿಗಳ ಒಂದು ಹೊತ್ತಿನ ತಿಂಡಿಗೂ ಸಾಲದು.

ಬಾಯಲ್ಲಿ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಓಮನಳಿಗೆ ಅಳುವೇ ಬಂತು. ಮಾರನೆಯ ಬೆಳಗ್ಗೆ ಕೃಷಿಭವನದ ಬಾಗಿಲು ತೆಗೆಯುವ ಮೊದಲೇ ಅವಳು ಜಗಲಿಯಲ್ಲಿ ಕೂತಿದ್ದಳು.

"ನೀನು ಹೇಳಿದ್ದೇ ಸರಿ ಗೀತು. ಕಂಬ ಕೀಳಿಸಿಬಿಡ್ತೀನಿ. ಆಟ ಹೋದ್ರೆ ಹೋಗ್ಲಿ."

ಗೀತು ನಕ್ಕುಬಿಟ್ಟಳು. "ಅಯ್ಯೋ ಚೇಚಿ, ನೆಗಡಿ ಬಂತು ಅಂತ ಮೂಗು ಕುಯ್ಕೋತಾರಾ? ಕಂಬ ಇರ್ಲಿ, ಲೈಟೂ ಇರ್ಲಿ. ಬೆಳಕು ಬೇಕಾದ್ದು ಗ್ರೌಂಡಿಗೆ, ಗದ್ದೆಗಲ್ಲ, ಆಕಾಶಕ್ಕೂ ಅಲ್ಲ. ನಮ್ಮ ಲೈಟ್‌ಗಳು ಮುಖ ಎತ್ಕೊಂಡು ಕೂತಾವೆ. ಮುಖ ನೆಲಕ್ಕೆ ತಿರುಗಿಸಿ, ಮೇಲೆ ತಗಡಿನ ಮರೆ ಕಟ್ಟಿದ್ರೆ ಆಯ್ತು. ಆಟ ಮುಗಿದ ತಕ್ಷಣ ಆಫ್. ಎರಡೂ ಆಗ್ಬೇಕು, ಒಂದು ಮಾಡಿ ಒಂದು ಬಿಟ್ರೆ ಸಾಲದು."

"ತೆನೆ ಬರ್ತದಾ ಮತ್ತೆ?"

"ಕತ್ತಲೆ ಸಿಕ್ರೆ ಒಂದು ತಿಂಗಳಲ್ಲಿ ಬರಬೇಕು. ತಡ ಆಗ್ತದೆ, ಆದ್ರೆ ಬರ್ತದೆ ಅಂತ ನನ್ನ ನಂಬಿಕೆ."

ಇಬ್ಬರೂ ನೇರವಾಗಿ ಪ್ರಜೀಷನ ವೆಲ್ಡಿಂಗ್ ಶಾಪಿಗೆ ಹೋದರು. ಮೈದಾನದ ಕಮಿಟಿಯ ಕಾರ್ಯದರ್ಶಿ ಅವನೇ. ಹಿಂದಿನಿಂದ ಕುಞ್ಞಿರಾಮನ್ ಕೂಡ ಬಂದ. ತಗಡಿನ ಮರೆ ಅಂದರೆ ಪ್ರಜೀಷ್ ಕೂಡಲೇ ಒಪ್ಪಿದ, ಆದರೆ ರಾತ್ರಿ ದೀಪ ಆರಿಸುವುದಕ್ಕೆ ಸುತರಾಂ ಒಪ್ಪಲಿಲ್ಲ.

"ಆಫ್ ಮಾಡಿದ್ರೆ ಆನೆ ಬರ್ತದೆ ಓಮನೇಚಿ. ಆಮೇಲೆ ನನ್ನ ಕೇಳಬೇಡಿ."

ಕುಞ್ಞಿರಾಮನ್ ಮೆಲ್ಲಗೆ ಕೇಳಿದ, "ಹೋದ ತಿಂಗಳು ನಿನ್ನ ಹಿತ್ತಿಲ ಬಾಳೆ ಮುರಿದದ್ದು ಯಾರು ಪ್ರಜೀಷೇ?"

ಪ್ರಜೀಷ್ ವೆಲ್ಡಿಂಗ್ ಕನ್ನಡಕ ಒರೆಸತೊಡಗಿದ. ಅವನ ಹಿತ್ತಿಲಿರುವುದು ಮೈದಾನದ ಮೂರನೆಯ ಕಂಬದ ಬುಡದಲ್ಲಿ.

"ಗಾಳಿ," ಅಂದ ಕೊನೆಗೆ.

"ಗಾಳಿಗೆ ಲದ್ದಿ ಹಾಕೋ ಅಭ್ಯಾಸ ಉಂಟಾ?"

ಗೀತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮವ್ವ ಯಾವಾಗ್ಲೂ ಹೇಳ್ತದೆ, ಆನೆ ಎರಡು ದಿನ ಬೆಳಕು ನೋಡಿ ನಿಲ್ತದೆ, ಮೂರನೇ ದಿನ ಅದೇ ಬೆಳಕಲ್ಲಿ ಯಾರ ಬಾಳೆ ಗೊನೆ ಬಿಟ್ಟದೆ ಅಂತ ನೋಡ್ಕೊಂಡು ಬರ್ತದೆ ಅಂತ. ಆನೆಗೆ ಬೇಲಿ ಸರಿ ಮಾಡಿಸಿ, ಫಾರೆಸ್ಟ್‌ನವರ ನಂಬರ್ ಎಲ್ಲರ ಫೋನಲ್ಲಿ ಇರ್ಲಿ. ವಾಲಿಬಾಲ್ ಲೈಟ್ ಆನೆ ಕಾಯಲ್ಲ. ಅದರ ಕೆಳಗೆ ಬೆಳಗ್ಗೆ ಗುಡಿಸೋಕೆ ಹೋದ್ರೆ ಮೊರ ತುಂಬಾ ಸತ್ತ ಹುಳ. ಅವು ಬದುಕಿದ್ರೆ ನಮ್ಮ ತೋಟದ ಹೂವಿಗೆ ಹೋಗ್ತಿದ್ವು."

ಪ್ರಜೀಷ್ ದೀಪ ಆರಿಸುವುದಕ್ಕೂ ಒಪ್ಪಿದ, ಅಂದೇ ತಗಡು ಕತ್ತರಿಸುವ ಕೆಲಸ ಸುರುವಾಯಿತು. ಮೂರನೆಯ ದಿನ ಪ್ರಜೀಷ್ ಕರೆಂಟ್ ತೆಗೆಸಿ ಕಂಬ ಹತ್ತಿದ. ಮೊದಲ ಸಲ ದೀಪಗಳನ್ನು ಎಷ್ಟು ಬಗ್ಗಿಸಿದ ಅಂದರೆ ಕಂಬದ ಬುಡಕ್ಕೆ ಬೆಳಕು, ನೆಟ್ಟಿಗೆ ಕತ್ತಲೆ. ಹೆಂಗಸರೆಲ್ಲ ಕೆಳಗಿನಿಂದ ಕೂಗಿದರು. ಎರಡನೆಯ ಸಲ ಒಂದು ದೀಪ ಸೀದಾ ಚಹಾದಂಗಡಿಯ ಬೆಂಚಿಗೆ ಬಿತ್ತು. ಅಲ್ಲಿ ಕೂತವರು ಕಣ್ಣು ಮುಚ್ಚಿಕೊಂಡು ಬೈದರು. "ಗೊತ್ತಾಯ್ತಲ್ಲ, ಗದ್ದೆಗೆ ಇಷ್ಟು ದಿನ ಹೆಂಗಾಗಿತ್ತು ಅಂತ!" ಎಂದು ಓಮನ ಅಲ್ಲಿಂದಲೇ ಕೂಗಿ ಹೇಳಿದಳು. ಮೂರನೆಯ ಸಲ ಸರಿಹೋಯಿತು. ಬೆಳಕು ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಮೈದಾನದ ಗೆರೆಯವರೆಗೆ ಬಂದು ಅಲ್ಲೇ ನಿಂತಿತು.

ಆಟ ಕೆಡಬಹುದು ಅಂತ ಹೆದರಿದ್ದ ಓಮನಳಿಗೆ ಅಂದು ಇನ್ನೊಂದು ಸಂಗತಿ ತಿಳಿಯಿತು. ಮೊದಲೆಲ್ಲ ತಲೆಯೆತ್ತಿದರೆ ದೀಪ ಕಣ್ಣಿಗೆ ಹೊಡೆದು ಚೆಂಡೇ ಮಾಯವಾಗುತ್ತಿತ್ತು. ವಯಸ್ಸಾಯಿತು, ಕಣ್ಣು ಹೋಯಿತು ಅಂದುಕೊಂಡಿದ್ದಳು. ಈಗ ಚೆಂಡು ಮೇಲೆ ಹೋಗಿ ಕೆಳಗೆ ಬರುವವರೆಗೂ ಸ್ಪಷ್ಟವಾಗಿ ಕಂಡಿತು. "ನಂಗೇನೂ ವಯಸ್ಸಾಗಿಲ್ಲ!" ಎಂದು ಅವಳು ಕೂಗಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂಬತ್ತು ಗಂಟೆಗೆ ಆಟ ನಿಲ್ಲಿಸಿ, ಕೊನೆಗೆ ಹೋಗುವವರು ಸ್ವಿಚ್ ಆಫ್ ಮಾಡಬೇಕು ಅಂತ ಆಯಿತು. ಮೊದಲ ರಾತ್ರಿ ದೀಪ ಆರಿದಾಗ ಹೆಂಗಸರು ಟಾರ್ಚ್ ಹತ್ತಿಸುವುದನ್ನೇ ಮರೆತು ಮೇಲೆ ನೋಡುತ್ತ ನಿಂತರು. ಓಣಂನಿಂದ ಈಚೆಗೆ ಅವರ ಊರಿನ ಮೇಲೆ ಅಷ್ಟು ನಕ್ಷತ್ರ ಕಂಡಿರಲಿಲ್ಲ. ಓಮನಳಿಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಬಂದು ಗಂಡನನ್ನು ಅಂಗಳಕ್ಕೆ ಎಳೆದು ತೋರಿಸಿದಳು.

ಆದರೆ ಗದ್ದೆ ಹಸಿರಾಗಿಯೇ ಇತ್ತು. ಒಂದು ವಾರ ಹೋಯಿತು, ಎರಡು ವಾರ, ಮೂರು ವಾರ. ಕುಞ್ಞಿರಾಮನ್ ದಿನಾ ಬೆಳಗ್ಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಓಮನ ಕೇಳುವುದನ್ನೇ ಬಿಟ್ಟಳು. ಟೂರ್ನಮೆಂಟಿನ ದಿನವೂ ಅವಳು ಬೆಳಗಿನ ಬಸ್ಸಿಗೆ ಹೊರಟಾಗ ಅವನು ಗದ್ದೆಯಲ್ಲೇ ಇದ್ದ.

ಮೀನಂಗಡಿಯಲ್ಲಿ ಮೊದಲ ಆಟ ಗೆದ್ದರು. ಎರಡನೆಯದರಲ್ಲಿ ಎದುರಿನವರು ಗಟ್ಟಿಗರು, ಅಂಕ ಸಮಸಮ. ಓಮನ ಸರ್ವ್ ಮಾಡಲು ಚೆಂಡು ಹಿಡಿದು ನಿಂತಿದ್ದಾಗ ಗೆರೆಯಾಚೆ ಗದ್ದಲ. ನೋಡಿದರೆ ಕುಞ್ಞಿರಾಮನ್! ಮಂಡಿಯವರೆಗೆ ಒಣಗಿದ ಕೆಸರು, ಎತ್ತಿ ಕಟ್ಟಿದ ಮುಂಡು, ಅಂಗಿಯ ಗುಂಡಿ ತಪ್ಪು ತಪ್ಪಾಗಿ ಹಾಕಿದ್ದ. ಕೈಯಲ್ಲಿ ಒಂದು ಎಳೆಯ ತೆನೆ.

"ಬಂತು ಕಣೆ!" ಎಂದು ಅವನು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ. "ಗದ್ದೆ ತುಂಬಾ ಬಂದದೆ! ಮೂಲೆ ಮೂಲೆಗೂ ಬಂದದೆ!"

ಓಮನ ಹೊಡೆದ ಚೆಂಡು ನೆಟ್ಟಿಗೆ ಬಿತ್ತು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು, ನೆಟ್ ಎಲ್ಲಿ ಕಾಣಬೇಕು? ಗೀತು ಓಡಿ ಬಂದು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ರೆಫರಿ ಸೀಟಿ ಊದಿದ್ದೇ ಊದಿದ್ದು, ಯಾರೂ ಕೇಳಲಿಲ್ಲ. ಆ ಆಟ ಅವರು ಸೋತರು. ಸೋತ ಮೇಲೂ ಅಷ್ಟು ಕುಣಿದ ತಂಡವನ್ನು ಮೀನಂಗಡಿಯವರು ಅಂದೇ ನೋಡಿದ್ದು. ಕುಞ್ಞಿರಾಮನ್ ಕೊನೆಯವರೆಗೂ ನಿಂತು ನೋಡಿದ. ಬಸ್ಸಿನಲ್ಲಿ ಹಿಂದಿರುಗುವಾಗ, "ಆ ಮೂರನೇ ಚೆಂಡು ನೀನು ಇನ್ನೂ ಸ್ವಲ್ಪ ಎತ್ತರಕ್ಕೆ ಕೊಡಬೇಕಿತ್ತು" ಅಂತ ಹೆಂಡತಿಗೆ ಆಟ ಹೇಳಿಕೊಡಲು ಹೊರಟ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಮೈದಾನಕ್ಕೂ ದೀಪ ಬರಲಿ. ಧೈರ್ಯವಾಗಿ ಕೇಳಿ, ಕೊಡಿಸಿಕೊಳ್ಳಿ, ಆಡಿ. ಆದರೆ ದೀಪ ಬಂದ ಮೇಲೆ ಒಂದು ಸಂಜೆ ಮೈದಾನದಿಂದ ಹೊರಗೆ ನಡೆದು ಪಕ್ಕದ ಗದ್ದೆಯಲ್ಲೋ ತೋಟದಲ್ಲೋ ನಿಂತು ನೋಡಿ. ಅಲ್ಲಿ ನಿಮ್ಮ ನೆರಳು ಬಿತ್ತೇ? ಹಾಗಾದರೆ ದೀಪ ತಪ್ಪು ಕಡೆ ನೋಡುತ್ತಿದೆ. ಪಂಚಾಯತ್ತಿಗೆ ಹೇಳಿ ಅದರ ಮುಖ ಕೆಳಗೆ ತಿರುಗಿಸಿ, ಮರೆ ಕಟ್ಟಿಸಿ. ಹೊಸ ದೀಪ ತರುವಾಗ ಕಣ್ಣು ಕುಕ್ಕುವ ಬಿಳಿ ಬೇಡ, ಹಳದಿ ಬೆಳಕಿನದು ಕೇಳಿ. ಮತ್ತೆ ಇಂದು ಸಂಜೆ ಆಟ ಮುಗಿಸಿ ಹೊರಡುವವರಲ್ಲಿ ಕೊನೆಯವರು ನೀವೇ ಆಗಿದ್ದರೆ, ದಯವಿಟ್ಟು ಆ ಸ್ವಿಚ್ ಆಫ್ ಮಾಡಿಯೇ ಮನೆಗೆ ಹೋಗಿ.