ಗಂಟುಬೇರಿನ ತೋಟ

ಹರಿಹರದ ಹೊಳೆಯ ದಂಡೆಯಲ್ಲಿ ಪರಮೇಶ್ವರಪ್ಪನ ಎಲೆತೋಟವಿತ್ತು. ೧೯೬೬ರ ಬೇಸಿಗೆಯಲ್ಲಿ ವೀಳ್ಯದೆಲೆಯ ಬಳ್ಳಿಗಳು ಒಂದೊಂದಾಗಿ ಹಳದಿಗಟ್ಟಿ ಜೋತುಬಿದ್ದವು. ಗೊಬ್ಬರ ಹಾಕಿದರೂ ಚೇತರಿಸಲಿಲ್ಲ. ಮೇಲಿನ ತೋಟ ಗಂಡನಿಲ್ಲದ ದುರುಗವ್ವನದು. ಅವಳ ಬಳ್ಳಿಗಳು ಹಸಿರಾಗಿಯೇ ಇದ್ದವು. ಅವಳ ತೋಟ ದಾಟಿದ ಕಾಲುವೆಯ ನೀರೇ ಇವನ ತೋಟಕ್ಕೆ ಬರುತ್ತಿತ್ತು. ಪರಮೇಶ್ವರಪ್ಪನಿಗೆ ಅಷ್ಟೇ ಸಾಕಾಯಿತು. ದಾವಣಗೆರೆಯ ಎಲೆ ಪೇಟೆಯಲ್ಲಿ ಎಲ್ಲರೆದುರು, "ಈಕೆ ಕಾಲುವೆಗೆ ಉಪ್ಪು ಸುರೀತಾಳೆ. ನನ್ನ ತೋಟ ಹಾಳು ಮಾಡ್ಯಾಳೆ," ಎಂದು ಕೂಗಾಡಿದ. ದುರುಗವ್ವ ಆಣೆ ಮಾಡಿದರೂ ಯಾರೂ ಕೇಳಲಿಲ್ಲ. ಅಂದಿನಿಂದ ವ್ಯಾಪಾರಿಗಳು ಅವಳ ಎಲೆ ಕಟ್ಟಿದ ಪೆಂಡಿ ಮುಟ್ಟದಾದರು.

ಆಷಾಢದಲ್ಲಿ ಪರಮೇಶ್ವರಪ್ಪನ ಅಕ್ಕನ ಮಗ ಬಕ್ಕೇಶಪ್ಪ ಬಂದ. ಕೃಷಿ ಕಾಲೇಜಿನಲ್ಲಿ ಬೇರುರೋಗಗಳ ಬಗ್ಗೆ ಓದಿದವನು. ಬಳ್ಳಿಯೊಂದನ್ನು ಕಿತ್ತು ತೊಳೆದು ತೋರಿಸಿದ. ಬೇರಿನ ತುಂಬ ಗಂಟುಗಳು.

"ಇದು ಜಂತುಹುಳ, ಮಾವ. ಕಣ್ಣಿಗೆ ಕಾಣಲ್ಲ. ಹೋದ ವರ್ಷ ಮಲೆಬೆನ್ನೂರಿಂದ ನೆಡಾಕೆ ಬೇರುಬಳ್ಳಿ ತಂದ್ರಲ್ಲ, ಆ ಸಾಲಿನಾಗೇ ಜಾಸ್ತಿ ಐತೆ. ಅದರ ಮಣ್ಣಿನ ಜೊತೆ ಬಂದಿರೋದು."

"ಮತ್ತೆ ನೀರು?"

"ನೀರಲ್ಲಿ ಏನೂ ಇಲ್ಲ ಬಿಡ್ರಿ."

ಪರಮೇಶ್ವರಪ್ಪ ಬೇರಿನ ಗಂಟೊಂದನ್ನು ಉಗುರಿನಿಂದ ಒಡೆದು ನೋಡಿದ.

ನೂಲಿನಂಥ ಎಳೆಗಳಲ್ಲಿ ಕುಣಿಕೆ ಹೆಣೆದು ಈ ಹುಳುಗಳನ್ನು ಹಿಡಿದು ತಿನ್ನುವ ಒಂದು ಬೂಷ್ಟು ಮಣ್ಣಿನಲ್ಲಿರುತ್ತದೆ. ಬಕ್ಕೇಶಪ್ಪ ಅದನ್ನು ಬೇಯಿಸಿದ ಜೋಳದ ನುಚ್ಚಿನ ಮೇಲೆ ಬೆಳೆಸಿ, ಸಗಣಿಗೊಬ್ಬರಕ್ಕೆ ಬೆರೆಸಿ ಬಳ್ಳಿಗಳ ಬುಡಕ್ಕೆ ಹಾಕಿಸಿದ. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧದಷ್ಟು ಬಳ್ಳಿಗಳು ಹೊಸ ಬೇರುಬಿಟ್ಟು ಚಿಗುರಿದವು. ಚಿಗುರು ಕಂಡಷ್ಟೂ ಪರಮೇಶ್ವರಪ್ಪನಿಗೆ ನಾಚಿಕೆ ಹೆಚ್ಚಿತು. ದುರುಗವ್ವ ಎದುರಾದರೆ ಬದು ಇಳಿದು ಮರೆಯಾಗುತ್ತಿದ್ದ.

ಕೊನೆಗೆ ಬೂಷ್ಟು ಬೆರೆಸಿದ ಗೊಬ್ಬರದ ಬುಟ್ಟಿ ಹಿಡಿದು ಅವಳ ಮನೆಗೆ ಹೋದ.

"ತಪ್ಪಾತು ದುರುಗವ್ವ. ಹುಳ ನಾನೇ ತಂದ್ಕೊಂಡಿದ್ದು. ಇದನ್ನ ನಿನ್ನ ಬಳ್ಳಿಗೂ ಹಾಕು."

"ನನ್ನ ಬಳ್ಳಿಗೇನಾಗೈತೆ ಗೌಡ್ರೆ? ನಿಮ್ಮ ಗೊಬ್ಬರ ಬ್ಯಾಡ. ಪೇಟೆಯಾಗೆ ಕೂಗಿದ್ರಿ. ಈಗ ಬಾಗಿಲಾಗೆ ನಿಂತು ಪಿಸುಗುಟ್ಟಿದ್ರೆ ಹೆಂಗೆ?"

ಮರುದಿನ ಅವನು ಪೇಟೆಯಲ್ಲಿ ವ್ಯಾಪಾರಿಗಳ ನಡುವೆ ನಿಂತ. ದುರುಗವ್ವ ಆಚೆ ಮೂಲೆಯಲ್ಲಿ ತನ್ನ ಪೆಂಡಿ ಇಟ್ಟುಕೊಂಡು ಕೂತಿದ್ದಳು. ಅವನು ತಗ್ಗಿದ ದನಿಯಲ್ಲಿ ಹೇಳಿದ.

"ದುರುಗವ್ವ ಉಪ್ಪು ಹಾಕಿಲ್ಲ. ನಾನು ಸುಳ್ಳು ಹೇಳ್ದೆ."

ಯಾರೋ ನಕ್ಕರು. ಹಿಂದೆ ಅವಳ ಎಲೆ ಕೊಳ್ಳುತ್ತಿದ್ದ ಬಡೇಸಾಬ್, "ಜೋರಾಗಿ ಹೇಳ್ರಿ, ಕೇಳಿಸ್ಲಿಲ್ಲ," ಎಂದ.

ಪರಮೇಶ್ವರಪ್ಪನ ಕಿವಿ ಬಿಸಿಯಾದವು. ಮತ್ತೊಮ್ಮೆ ಕೂಗಿ ಹೇಳಿದ.

ಬಡೇಸಾಬ್ ಎದ್ದುಹೋಗಿ ದುರುಗವ್ವನ ಪೆಂಡಿ ಬಿಚ್ಚಿ ನೋಡಿ, ಎಲೆ ಕೊಂಡ. ಅವಳು ಪರಮೇಶ್ವರಪ್ಪನತ್ತ ತಿರುಗಿಯೂ ನೋಡಲಿಲ್ಲ. ಅವನು ಹರಿಹರದ ಬಸ್ಸು ಹತ್ತಿ, ಪರಿಚಯದವರು ಮಾತಾಡಿಸಿಯಾರೆಂದು ಹಿಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕೂತ.