ಮಗ್ಗದಾಚೆಯ ಮಾತು

ಗಿಂಕಾ ಅಡುಗೆಮನೆಯ ಚಾಕುವಿನ ತುದಿಯಿಂದ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಕೆರೆಯುತ್ತಿದ್ದಳು. ಕಾಗದ ಹರಿಯಬಾರದು, ಮೇಲಿನ ಶಾಯಿ ಮಾತ್ರ ಹೋಗಬೇಕು. ಅದು ಅವಳ ಅಕ್ಕ ವೆಲಿಚ್ಕಾಳ ಸಾವಿನ ಪ್ರಕಟಣೆ. ಕಪ್ಪು ಅಂಚು, ನಡುವೆ ಕನ್ನಡಕ ಹಾಕಿದ ಫೋಟೋ, ಕೆಳಗೆ ಚರ್ಚಿನ ಹೆಸರು. ನಿನ್ನೆ ಸಂಜೆ ಅಂಟಿಸಿದಾಗ ಚೊಕ್ಕಟವಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಫೋಟೋದ ಕೆಳಗೆ ಯಾರೋ ನೀಲಿ ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದಿದ್ದರು: 'ನಮ್ಮ ವರುಶ ವಾಪಸ್ ಕೊಟ್ಟು ಹೋಗು.'

ಆ 'ವರುಶ'ವನ್ನು ಗಿಂಕಾ ಗುರುತಿಸಿದಳು. ಮಿಲ್ಲಿನಲ್ಲಿ ಪಕ್ಕದ ಮಗ್ಗದ ಮೇಲೆ ಸಿಕ್ಕಿಸಿರುತ್ತಿದ್ದ ಚೀಟಿಗಳಲ್ಲಿ ಅದೇ ಕೈ, ಅದೇ ತಪ್ಪು.

ಮೆಟ್ಟಿಲಿಳಿದು ಬಂದ ತೊಂಕಾ ಕರಿ ಸ್ಕಾರ್ಫನ್ನು ಗಲ್ಲದಡಿ ಗಂಟು ಹಾಕುತ್ತ ನಿಂತಳು. ಮೇಲಿನ ಮನೆಯವಳು, ಮೂವತ್ತು ವರ್ಷ ಒಂದೇ ಪಾಳಿಯಲ್ಲಿ, ಪಕ್ಕದ ಮಗ್ಗದಲ್ಲಿ ದುಡಿದವಳು.

"ಇನ್ನೂ ಹೊರಟಿಲ್ವೇನೇ? ಗಾಡಿ ಬಂದು ಕಾಯ್ತಾ ಇದೆ."

"ಯಾರೋ ಏನೋ ಗೀಚಿದಾರೆ."

"ಹುಡುಗ್ರಿರಬೇಕು."

"ಹೂಂ," ಗಿಂಕಾ ಚಾಕು ಒರೆಸಿಕೊಂಡಳು. "ಪಿಂಚಣಿಗೆ ಬಂದಿರೋ ಹುಡುಗ್ರು."

ತೊಂಕಾ ಬಗ್ಗಲಿಲ್ಲ. "ಇಡೀ ಬೀದಿಗೆ ಒಂದೇ ಕಾಗದ ಅಂಟಿಸಿದೀಯಲ್ಲ, ಅದ್ಹೇಳು. ಜಿಪುಣರ ಊರು ಗಾಬ್ರೊವೊದೋಳು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ."

"ಮಿಲ್ಲಿನೋರು ಬರ್ತಾರಾ?"

"ಬರ್ತಾರೆ. ನಿಜವಾಗ್ಲೂ ಸತ್ತಿದಾಳಾ ಅಂತ ನೋಡ್ಕೊಂಡು ಹೋಗೋಕಾದ್ರೂ ಬರ್ತಾರೆ."

ಆಡಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಸಮಾಧಿಯ ಬಳಿ ಹಂಚಲು ಬೇಯಿಸಿದ್ದ ಗೋಧಿಯ ಪಾತ್ರೆಯನ್ನು ಹೊಸಿಲಿನಿಂದ ಎತ್ತಿಕೊಂಡು ಮುಂದೆ ನಡೆದಳು. ಗಿಂಕಾ ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದಳು.

*

ಅಕ್ಕತಂಗಿಯರ ತಾಯಿಗೆ ಹೇಳಿಕೊಳ್ಳುವಂಥ ಪಿಂಚಣಿ ಇರಲಿಲ್ಲ. ಹಾಸಿಗೆ ಹಿಡಿದ ಅತ್ತೆ, ಪ್ಲಮ್ ಮರಗಳು, ಮೇಕೆ, ಎರಡು ಹೆಣ್ಣುಮಕ್ಕಳು, ಇದರಲ್ಲೇ ಸವೆದ ವರ್ಷಗಳನ್ನು ಯಾವ ಕಚೇರಿಯೂ ಕೆಲಸ ಎಂದು ಒಪ್ಪಲಿಲ್ಲ. ಗಂಡ ಹೋದ ಮೇಲೆ ಕಾಫಿಪುಡಿಗೆ ಕಾಸು ಬೇಕಾದಾಗಲೆಲ್ಲ ಹಿರಿಮಗಳನ್ನು ಕೇಳುತ್ತಿದ್ದಳು. ಕೇಳುವಾಗ ಮಗಳ ಮುಖ ನೋಡುತ್ತಿರಲಿಲ್ಲ. ಮೇಜಿನ ಬಟ್ಟೆಯ ಸುಕ್ಕು ತಿದ್ದುತ್ತ ಕೇಳುತ್ತಿದ್ದಳು.

ವೆಲಿಚ್ಕಾ ಸೋಫಿಯಾದಲ್ಲಿ ಗಣಿತ ಓದಿ ಅಲ್ಲೇ ಪಿಂಚಣಿ ಕಚೇರಿ ಸೇರಿದಳು. ಆಕ್ಚುಯರಿ ಎಂದರೆ ಏನೆಂದು ಊರಿನಲ್ಲಿ ಯಾರಿಗೂ ತಿಳಿಯದು. ಯಾವ ವಯಸ್ಸಿನವರು ಸರಾಸರಿ ಇನ್ನೆಷ್ಟು ವರ್ಷ ಬದುಕುತ್ತಾರೆ, ಅವರಿಗೆ ಮುಪ್ಪಿನಲ್ಲಿ ತಿಂಗಳು ತಿಂಗಳು ಕೊಡಲು ಇಂದು ಎಷ್ಟು ಎತ್ತಿಡಬೇಕು ಎಂದು ಲೆಕ್ಕ ಹಾಕುವ ಕೆಲಸ. "ನಾವೆಲ್ಲ ಯಾವಾಗ ಸಾಯ್ತೀವಿ ಅಂತ ಬರಕೊಂಡು ಕೂತಿರೋಳು," ಎಂದು ತೊಂಕಾ ಮಿಲ್ಲಿನವರಿಗೆ ಬಿಡಿಸಿ ಹೇಳಿದ್ದಳು.

ಹಳೆಯ ಕಮ್ಯುನಿಸ್ಟ್ ಸರ್ಕಾರ ಬಿದ್ದು ಖಾಸಗಿ ಪಿಂಚಣಿ ನಿಧಿಗಳು ಬಂದಾಗ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರಾದ್ದರಿಂದ ಅವರಿಗೆ ತಿಂಗಳಿಗೆ ಕಡಿಮೆ ಕೊಡಬೇಕು ಎಂಬ ವಾದ ಹುಟ್ಟಿತು. ಮೇಜಿನ ಸುತ್ತ ಕುಳಿತಿದ್ದವರಲ್ಲಿ ವೆಲಿಚ್ಕಾ ಒಬ್ಬಳೇ ಹೆಂಗಸು. "ಬದುಕಿದ್ದಕ್ಕೆ ದಂಡ ಹಾಕ್ತೀರಾ?" ಎಂದು ಕೇಳಿದಳು. ಗಂಡಿಗೂ ಹೆಣ್ಣಿಗೂ ಒಂದೇ ಲೆಕ್ಕ ಇರಲಿ ಎಂದು ವರ್ಷಗಟ್ಟಲೆ ಜಗಳಾಡಿ ಗೆದ್ದಳು. ಮಕ್ಕಳನ್ನು ಸಾಕಿದ, ರೋಗಿಗಳನ್ನು ನೋಡಿಕೊಂಡ ವರ್ಷಗಳನ್ನೂ ಲೆಕ್ಕಕ್ಕೆ ತಂದಳು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು.

ಹೆಂಗಸರೂ ಗಂಡಸರಷ್ಟೇ ಕಾಲ ದುಡಿಯಬೇಕು, ನಿವೃತ್ತಿಯ ವಯಸ್ಸು ಏರಬೇಕು ಎಂದು ವರದಿ ಬರೆದವಳೂ ಅವಳೇ.

*

ಚರ್ಚಿನಲ್ಲಿ ಮಿಲ್ಲಿನ ಹೆಂಗಸರು ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೈಯಲ್ಲಿ ಎರಡೆರಡು ಕಾರ್ನೇಷನ್ ಹೂ. ಯಾರೂ ಅಳುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದ ವೆಲಿಚ್ಕಾಳ ಕನ್ನಡಕವನ್ನು ಯಾರೋ ತೆಗೆದಿದ್ದರು. ಅದಿಲ್ಲದೆ ಅವಳು ತಾಯಿಯ ಹಾಗೆ ಕಂಡಳು. ಮೂರು ದಿನದ ಹಿಂದೆ ಒಲೆಯ ಮುಂದೆ ಕುಸಿದಿದ್ದಳಂತೆ, ಪಕ್ಕದ ಮನೆಯವರಿಗೆ ಹಾಲು ಉಕ್ಕಿ ಸೀದ ವಾಸನೆ ಬಂದು ಗೊತ್ತಾಯಿತಂತೆ. ನಿವೃತ್ತಳಾಗಿ ಊರಿಗೆ ಬಂದು, ನದಿಯ ಆಚೆ ದಡದಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದಳು. ಬ್ರೆಡ್ಡಿನ ಅಂಗಡಿಯಲ್ಲಿ ಅಕ್ಕತಂಗಿ ಎದುರಾಗುತ್ತಿದ್ದರು. ತಲೆಯಾಡಿಸಿ ಸರಿದುಹೋಗುತ್ತಿದ್ದರು.

ಕೋಟು ತೊಟ್ಟ ನೆರೆಗೂದಲಿನವನೊಬ್ಬ ಗಿಂಕಾಳ ಪಕ್ಕಕ್ಕೆ ಬಂದು ತಲೆ ಬಾಗಿದ.

"ನಾನು ಅಸೆನ್ ಅಂತ. ಸೋಫಿಯಾದಿಂದ ಬಂದೆ. ಮೇಡಂ ಕೈಕೆಳಗೆ ಕೆಲಸ ಕಲಿತೋನು."

"ಅಷ್ಟು ದೂರದಿಂದ ಬಂದ್ರಾ? ಬೇರೆ ಯಾರೂ ಬರ್ಲಿಲ್ವಾ?"

"ಹಿಮ ಜಾಸ್ತಿ ಇತ್ತು," ಎಂದ ಅಸೆನ್. ಆಮೇಲೆ ಮೆಲ್ಲಗೆ, "ಕೊನೇಲಿ ಅಲ್ಲೂ ಯಾರ ಜೊತೆಗೂ ಸರಿ ಇರ್ಲಿಲ್ಲ ಅಮ್ಮ," ಎಂದ.

*

ಅಕ್ಕತಂಗಿಯ ಜಗಳವಾದದ್ದು ವರ್ಷಗಳ ಹಿಂದೆ ಒಂದು ಈಸ್ಟರ್ ದಿನ, ಗಿಂಕಾಳ ಅಡುಗೆಮನೆಯಲ್ಲಿ. ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆಗಳು ಬಟ್ಟಲಲ್ಲಿದ್ದವು, ಒಂದಕ್ಕೊಂದು ತಾಕಿಸಿ ಇನ್ನೂ ಒಡೆದಿರಲಿಲ್ಲ. ಹೊಸ ನಿಯಮ ಬಂದು ಆಗಷ್ಟೇ ಕೆಲವು ವಾರ. ಬರುವ ಬೇಸಿಗೆಗೆ ಮಗ್ಗ ಬಿಡುವ ಆಸೆಯಲ್ಲಿದ್ದ ಗಿಂಕಾ, ತೊಂಕಾ ಮತ್ತು ಅವರ ಪಾಳಿಯವರೆಲ್ಲ ಇನ್ನೂ ಮೂರು ವರ್ಷ ನಿಲ್ಲಬೇಕಾಗಿತ್ತು.

"ಕೇಳೇ ಗಿಂಕಾ," ವೆಲಿಚ್ಕಾ ಸಮಾಧಾನವಾಗಿಯೇ ಹೇಳಿದಳು. "ಬೇಗ ಬಿಟ್ಟೋರಿಗೆ ಬರೋದು ಕಡಿಮೆ, ಅದರಲ್ಲೇ ಬದುಕಬೇಕಾದ ವರ್ಷ ಜಾಸ್ತಿ. ಎಂಬತ್ತರ ಮೇಲೆ ಒಲೆಗೆ ಸೌದೆ ಇರಲ್ಲ. ಅಮ್ಮನ್ನ ನೋಡಿದೀಯಲ್ಲ."

"ಅಮ್ಮನ್ನ ನೋಡಿದೀನಿ. ನೀನು ನನ್ನ ನೋಡು." ಗಿಂಕಾ ಲಂಗ ಎತ್ತಿ ಊದಿಕೊಂಡ ಮೊಣಕಾಲು ತೋರಿಸಿದಳು. "ದಿನಾ ಕಲ್ಲಿನ ನೆಲದ ಮೇಲೆ ನಿಂತಿರ್ತೀನಿ. ಎಲ್ಲರ ಲೆಕ್ಕ ಹಾಕಿದ್ಯಲ್ಲ, ಇದರ ಲೆಕ್ಕ ಹಾಕಿದ್ಯಾ?"

ವೆಲಿಚ್ಕಾ ದಣಿದಿದ್ದಳು. ಬೆಳಿಗ್ಗೆಯಿಂದ ಬೀದಿಯಲ್ಲಿ ಮೂವರು ಅವಳಿಗೆ ಬೆನ್ನು ತಿರುಗಿಸಿದ್ದರು. ಇಲ್ಲದಿದ್ದರೆ ಹಾಗೆ ಹೇಳುತ್ತಿರಲಿಲ್ಲವೇನೋ.

"ಕೋಷ್ಟಕದಲ್ಲಿ ಮೊಣಕಾಲಿಗೆ ಜಾಗ ಇಲ್ಲ ಗಿಂಕಾ."

ಗಿಂಕಾ ಎದ್ದು ಅಕ್ಕನ ಕೋಟನ್ನು ಗೂಟದಿಂದ ತೆಗೆದು ಕೈಗೆ ಕೊಟ್ಟಳು.

*

ಸ್ಮಶಾನ ಗುಡ್ಡದ ಮೇಲಿತ್ತು. ನೆಲ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಿದವರು ಬೆಂಕಿ ಹಾಕಿ ಮಣ್ಣು ಸಡಿಲಿಸಿದ್ದರು. ಸುತ್ತ ಕರಿ ಬೂದಿ ಹರಡಿತ್ತು. ಪಾದ್ರಿ ಚಳಿಗೆ ಮಂತ್ರವನ್ನು ಬೇಗ ಬೇಗ ಮುಗಿಸಿ ಪೆಟ್ಟಿಗೆಯ ಮೇಲೆ ವೈನು ಸುರಿದರು. ಮಣ್ಣು ಹಾಕಲು ಗಿಂಕಾ ಬಗ್ಗಲಾರದೆ ನಿಂತಾಗ ತೊಂಕಾ ತಾನೇ ಒಂದು ಹಿಡಿ ಎತ್ತಿ ಅವಳ ಅಂಗೈಗೆ ಹಾಕಿದಳು.

ಗೇಟಿನ ಬಳಿ ಗಿಂಕಾ ಬಂದವರಿಗೆಲ್ಲ ಒಂದೊಂದು ಚಮಚ ಗೋಧಿ ಕೊಟ್ಟಳು. ಪಡೆದವರು 'ದೇವರು ಅವಳನ್ನ ಕ್ಷಮಿಸಲಿ' ಎನ್ನಬೇಕು. ಮಿಲ್ಲಿನವರು ತುಟಿಯೊಳಗೇ ಅಂದರು. ತೊಂಕಾ ಗೋಧಿಯನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿದಳು.

"ಮಾತಾಡೇ, ಬಾಯೇನೂ ಸವೆದುಹೋಗಲ್ಲ," ಎಂದಳು ಇನ್ನೊಬ್ಬಳು.

"ಸುಳ್ಳು ಹೇಳಿದ್ರೆ ಗೋಧಿ ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಮೂರು ವರ್ಷ ತಿಂದ್ಲು ನಮ್ಮದು. ನಮ್ಮ ಪಾಳಿಯ ಮಾರಿಯಾನ, ಪಿಂಚಣಿ ನೋಡ್ದೇನೇ ಸತ್ತುಹೋದ್ಲು, ಮಗ್ಗದ ಪಕ್ಕದಲ್ಲೇ. ಅವಳಿಗೆ ಏನು ಭದ್ರತೆ ಸಿಕ್ತು?"

ಅಸೆನ್ ಪ್ಲಮ್ ಸಾರಾಯಿ ರಾಕಿಯಾದ ಪುಟ್ಟ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ನಿಮ್ಮ ಯಜಮಾನ್ರು ಇದಾರಾ ಅಮ್ಮ?" ಎಂದು ತೊಂಕಾಳನ್ನು ಕೇಳಿದ.

"ಕೋಲ್ಯುವಾ? ಅವನು ಹೋಗಿ ಎಂಟು ವರ್ಷ. ಕುಡಿದೂ ಕುಡಿದೂ ಹೋದ."

"ಅವರ ಪಿಂಚಣೀಲಿ ಒಂದು ಪಾಲು ನಿಮಗೆ ಬರ್ತಿರಬೇಕಲ್ಲ."

"ಬರ್ತದೆ. ಅದರಲ್ಲೇ ಸೌದೆ ತರಿಸೋದು. ಅದು ಕಾನೂನು."

"ಮೊದಲು ಕಾನೂನಿರಲಿಲ್ಲ. ನಿಧಿಯಲ್ಲಿ ಕೂಡಿದ್ದನ್ನ ಗಂಡ ಬೇಕಾದ್ರೆ ಒಟ್ಟಿಗೇ ತಗೊಂಡು ಖಾಲಿ ಮಾಡಬಹುದಿತ್ತು. ಹೆಂಡತಿ ಎದುರಿಗೆ ಬಂದು ಒಪ್ಪದೆ ಹಾಗೆ ಮಾಡೋ ಹಾಗಿಲ್ಲ ಅಂತ ಸೇರಿಸಿದ್ದು ಮೇಡಂ. ಒಂದೇ ಒಂದು ಸಾಲು. ಅದಕ್ಕೋಸ್ಕರ ಮಂತ್ರಿ ಹತ್ರ ಬೈಸ್ಕೊಂಡ್ರು."

ತೊಂಕಾಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕೋಲ್ಯು ಕಚೇರಿಯಿಂದ ಬಂದವನೇ ತಟ್ಟೆಯನ್ನು ಗೋಡೆಗೆ ಎಸೆದು, "ಸೋಫಿಯಾದಲ್ಲಿ ಯಾವಳೋ ಗಂಡನಿಲ್ಲದೋಳು ಕಾನೂನು ಮಾಡಿದಾಳಂತೆ, ನಿನ್ನ ಕೇಳ್ಬೇಕಂತೆ ನಾನು!" ಎಂದು ಕೂಗಿದ್ದ. ತೊಂಕಾ ಒಪ್ಪಿರಲಿಲ್ಲ. ಅದಕ್ಕಾಗಿ ಅವನಿಂದ ಏಟು ತಿಂದು, ಒಂದು ವಾರ ಊದಿದ ಮುಖದಲ್ಲೇ ಮಗ್ಗಕ್ಕೆ ಹೋಗಿದ್ದಳು. ಗುಟ್ಟಾಗಿ ಚರ್ಚಿನಲ್ಲಿ ಆ ಯಾವಳೋ ಒಬ್ಬಳಿಗೆ ಮೇಣದ ಬತ್ತಿ ಹಚ್ಚಿದ್ದಳು ಕೂಡ.

ಅವಳು ಗಿಂಕಾಳ ಕಡೆ ನೋಡಿ ಮತ್ತೊಮ್ಮೆ ಅಂಗೈ ಒಡ್ಡಿದಳು. ಗಿಂಕಾ ಇನ್ನೊಂದು ಚಮಚ ಹಾಕಿದಳು.

"ದೇವರು ಕ್ಷಮಿಸಲಿ," ಎಂದಳು ತೊಂಕಾ. "ಯಾರನ್ನ ಅಂತ ಅವನೇ ನೋಡ್ಕೊಳ್ಳಲಿ."

*

ಗಿಂಕಾ ಮಾತ್ರ ಬೇರೇನನ್ನೋ ನೆನೆಯುತ್ತಿದ್ದಳು. ಜಗಳದ ಮಾರನೆಯ ವರ್ಷ ಒಂದು ಮಧ್ಯಾಹ್ನ ಮಗ್ಗಗಳ ಹಾಲ್‌ಗೆ ಕೋಟು ತೊಟ್ಟ ಅಧಿಕಾರಿಗಳ ಗುಂಪೊಂದು ಬಂದಿತ್ತು. ನಡುವೆ ವೆಲಿಚ್ಕಾ. ಅಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ನೇಕಾರ ಹೆಂಗಸರು ಒಬ್ಬರಿಗೊಬ್ಬರು ತುಟಿಯಾಡುವುದನ್ನು ನೋಡಿಯೇ ಮಾತನಾಡಿಕೊಳ್ಳುತ್ತಿದ್ದರು. ದೊಡ್ಡವರ ಜೊತೆ ಮೆರೆಯಲು ಬಂದಿದ್ದಾಳೆ ಎಂದುಕೊಂಡಳು ಗಿಂಕಾ. ವೆಲಿಚ್ಕಾ ಗುಂಪು ಬಿಟ್ಟು ಮಗ್ಗದ ಆಚೆ ಬದಿಗೆ ಬಂದು ನಿಂತಳು. ತಂಗಿಗೆ ತುಟಿ ಓದಲು ಬರುತ್ತದೆಂದು ಅವಳಿಗೆ ಗೊತ್ತಿತ್ತು. ನಿಧಾನವಾಗಿ, ಒಂದೊಂದೇ ಅಕ್ಷರವನ್ನು ಬಿಡಿಸಿ ಏನೋ ಹೇಳತೊಡಗಿದಳು.

ಗಿಂಕಾ ಮುಖ ತಿರುಗಿಸಿ, ತುಂಡಾಗದೇ ಇದ್ದ ದಾರವೊಂದನ್ನು ಗಂಟು ಹಾಕುವ ನೆಪದಲ್ಲಿ ಬಗ್ಗಿದಳು. ತಲೆಯೆತ್ತಿದಾಗ ಆಚೆ ಬದಿಯಲ್ಲಿ ಯಾರೂ ಇರಲಿಲ್ಲ.

"ಅಕ್ಕ ಮಿಲ್ಲಿಗೆ ಬಂದಿದ್ದ ದಿನ ನೀವೂ ಬಂದಿದ್ರಾ?" ಎಂದು ಗಿಂಕಾ ಅಸೆನ್‌ನನ್ನು ಕೇಳಿದಳು.

"ಬಂದಿದ್ದೆ. ಸದ್ದು ಅಳೆಯೋ ಯಂತ್ರ ಹಿಡ್ಕೊಂಡಿದ್ದೋನೇ ನಾನು. ಮಗ್ಗದ ಕೆಲಸಾನ ಗಣಿ ಕೆಲಸದ ಹಾಗೆ ಭಾರಿ ಕೆಲಸ ಅಂತ ಒಪ್ಪಬೇಕು, ಅವರನ್ನ ಬೇಗ ಬಿಡಿಸಬೇಕು ಅಂತ ಮೇಡಂ ಹಟ ಹಿಡಿದಿದ್ರು. ಕಿವಿ, ಬೆನ್ನು, ಮೊಣಕಾಲು, ಎಲ್ಲಾ ಡಾಕ್ಟರಿಂದ ಬರೆಸಿದ್ರು. ತಾವು ನಿವೃತ್ತಿ ಆಗೋವರೆಗೂ ಬಿಡ್ಲಿಲ್ಲ."

"ಆಮೇಲೆ?"

"ಆಗ್ಲಿಲ್ಲ ಅಮ್ಮ. ಯಾರೂ ಒಪ್ಪಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ನಾನೂ ಕೇಳಿದ್ದೆ. 'ಸೋತಿದ್ದನ್ನ ತಗೊಂಡು ಹೋಗಿ ಅವಳ ಮೇಜಿನ ಮೇಲೆ ಇಡ್ಲಾ?' ಅಂದ್ರು."

ಗಿಂಕಾ ಖಾಲಿ ಪಾತ್ರೆಯನ್ನು ಎದೆಗೊತ್ತಿ ಹಿಡಿದಳು.

"ಅವತ್ತು ಮಗ್ಗದ ಆಚೆ ನಿಂತು ನನಗೆ ಏನೋ ಹೇಳಿದ್ಲು. ನೀವು ಪಕ್ಕದಲ್ಲೇ ಇದ್ರಲ್ಲ. ಏನಂದ್ಲು?"

ಅಸೆನ್ ಏನಾದರೊಂದು ಕಟ್ಟಿ ಹೇಳಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದ. ಆದರೆ ಅವನು ವೆಲಿಚ್ಕಾಳ ಕೈಕೆಳಗೆ ಕಲಿತವನು.

"ಕೇಳಿಸ್ಲಿಲ್ಲ ಅಮ್ಮ," ಎಂದ. "ಮಗ್ಗದ ಸದ್ದು."

ಗಿಂಕಾ ತಲೆಯಾಡಿಸಿದಳು. ಗುಂಡಿ ಮುಚ್ಚುವವರು ಸಲಿಕೆಗಳನ್ನು ಹಿಮಕ್ಕೆ ಉಜ್ಜಿ ಒರೆಸುತ್ತಿದ್ದರು. ಆಗ ಅವಳಿಂದ ಹೊರಟ ಸದ್ದು ಅಳುವಿನಂತಿರಲಿಲ್ಲ. ತೊಂಕಾ ಬಂದು ಪಾತ್ರೆಯನ್ನು ಬಿಡಿಸಿಕೊಂಡು ಅವಳ ತೋಳಿನಲ್ಲಿ ತನ್ನ ತೋಳು ಸೇರಿಸಿದಳು. ಆ ಕಡೆಯಿಂದ ಇನ್ನೊಬ್ಬಳು ಸೇರಿಸಿದಳು.

*

ಊಟ ಕೆಳಗೆ, ಸೇತುವೆಯ ಹತ್ತಿರದ ಹಾಲ್‌ನಲ್ಲಿತ್ತು. ಇಳಿಜಾರು ರಸ್ತೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಒಬ್ಬೊಬ್ಬರೇ ಇಳಿದರೆ ಬೀಳುವುದು ಖಂಡಿತ ಎಂದು ಮಿಲ್ಲಿನ ಹೆಂಗಸರೆಲ್ಲ ತೋಳಿಗೆ ತೋಳು ಕೊಂಡಿ ಹಾಕಿಕೊಂಡರು. ಇಪ್ಪತ್ತರ ಮೇಲಿದ್ದರು, ಬಹುತೇಕ ಎಲ್ಲರೂ ಗಂಡನನ್ನು ಇದೇ ಗುಡ್ಡದ ಮೇಲೆ ಮಣ್ಣು ಮಾಡಿದವರು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಕರಿ ಕೋಟುಗಳ ಸಾಲು, ಅದರ ಹಿಂದೆ ಇನ್ನೊಂದು ಸಾಲು. ನಡುವೆ ಗಿಂಕಾ.

ಹಿಂದಿನಿಂದ ಶವದ ಗಾಡಿ ಬಂತು, ಪಾದ್ರಿಯನ್ನು ಕೂರಿಸಿಕೊಂಡು. ಅದರ ಹಿಂದೆ ಅಸೆನ್‌ನ ಕಾರು, ಆಮೇಲೆ ಸೌದೆ ತುಂಬಿದ ಲಾರಿಯೊಂದು. ಲಾರಿಯ ಚಾಲಕ ಹಾರ್ನಿನ ಮೇಲೆ ಕೈಯಿಟ್ಟು, ಮತ್ತೆ ತೆಗೆದುಕೊಂಡ. ಮುದುಕಿಯರು ಹಿಂದಿರುಗಿ ನೋಡಲಿಲ್ಲ, ಅಂಚಿಗೂ ಸರಿಯಲಿಲ್ಲ. ಒಬ್ಬಳ ಕಾಲು ಜಾರಿದರೆ ಇಡೀ ಸಾಲು ಒಮ್ಮೆ ತೂಗಿ, ನಿಂತು, ಮತ್ತೆ ಹೆಜ್ಜೆ ಇಡುತ್ತಿತ್ತು. ಅವರ ಹಿಂದೆ ಖಾಲಿ ಗಾಡಿ, ಕಾರು, ಲಾರಿ ಎಲ್ಲವೂ ಅವರು ನಡೆದಷ್ಟೇ ನಿಧಾನವಾಗಿ ಗುಡ್ಡ ಇಳಿಯತೊಡಗಿದವು.