ಕ್ಲಿನಿಕ್ ಹಿಂದಿನ ಚೀಲ

ಕಸ ಎತ್ತುವವರ ಮೇಸ್ತ್ರಿ ಹಾರ ಹಿಡಿದು ಒಳಗೆ ಕಾಲಿಡುವಷ್ಟರಲ್ಲಿ ತಂಗಿ ಬಾಗಿಲಿಗೆ ಅಡ್ಡ ನಿಂತಳು.

"ಹಾರ ಆಮೇಲೆ ಹಾಕಿ ಸಾರ್. ನಮ್ಮಕ್ಕ ಹೇಗೆ ಸತ್ತಳು ಅಂತ ಮೊದಲು ಎಲ್ಲರ ಮುಂದೆ ಹೇಳಿ."

ಒಂದೇ ಕೋಣೆಯ ಮನೆ. ಹೆಣದ ಸುತ್ತ ಕೂತವರು ಅಳು ನಿಲ್ಲಿಸಿ ತಲೆಯೆತ್ತಿದರು. ಅಕ್ಕನ ಮುಖ ಹಣ್ಣೆಲೆಯಂತೆ ಹಳದಿಯಾಗಿತ್ತು.

"ಕಾಮಾಲೆ ಕಣಮ್ಮ," ಮೇಸ್ತ್ರಿ ದನಿ ತಗ್ಗಿಸಿದ. "ಹೊತ್ತಿಗೆ ಸರಿಯಾಗಿ ಉಣ್ತಿರ್ಲಿಲ್ಲ. ಎಷ್ಟು ಸಲ ಬುದ್ಧಿ ಹೇಳಿದ್ದೆ ನಾನು!"

ಹೊರಗೆ ಕಸದ ಲಾರಿಯ ಡ್ರೈವರ್ ಗೋಡೆಗೆ ಒರಗಿ ನಿಂತಿದ್ದ. ತಂಗಿಯನ್ನು ಬಿಟ್ಟರೆ ನಡೆದದ್ದನ್ನು ಕಂಡವನು ಅವನೊಬ್ಬನೇ. ತಂಗಿ ಅವನ ಕಡೆ ನೋಡಿದಳು. ಅವನು ನೆಲ ನೋಡಿದ.

*

ಅಕ್ಕತಂಗಿ ಇಬ್ಬರಿಗೂ ಅದೇ ಲಾರಿಯಲ್ಲಿ ಕೆಲಸ. ಕಸದ ಚೀಲ ಎತ್ತಿದ ಕೂಡಲೇ ಅದರ ಭಾರದಿಂದಲೇ ಅಕ್ಕ ಮನೆಮನೆಯ ಸಮಾಚಾರ ಹೇಳಿ ನಗಿಸುತ್ತಿದ್ದಳು. "ಈ ಮನೆಗೆ ನೆಂಟರು ಬಂದಿದ್ದಾರೆ. ಆ ಮನೇಲಿ ಗಂಡ ಹೆಂಡ್ತಿ ಮಾತು ಬಿಟ್ಟಿದ್ದಾರೆ, ಒಲೇನೇ ಹಚ್ಚಿಲ್ಲ ನೋಡು!"

ಆ ಬೆಳಿಗ್ಗೆ ಕ್ಲಿನಿಕ್ ಹಿಂದಿನ ಚೀಲವನ್ನು ತೊಡೆಗೆ ಆನಿಸಿಕೊಂಡವಳು "ಅಮ್ಮಾ" ಎಂದು ಚೀರಿದಳು. ಇಂಜೆಕ್ಷನ್ ಸೂಜಿ ಬಟ್ಟೆ ದಾಟಿ ನಾಟಿತ್ತು.

"ಆಸ್ಪತ್ರೆಗೆ ಹೋಗಿ ಬರ್ತೀನಿ ಸಾರ್."

"ಚುಚ್ಚಿದ್ದಕ್ಕೆಲ್ಲ ಆಸ್ಪತ್ರೆ ಅಂದ್ರೆ ಕಸ ಯಾರು ಎತ್ತೋದು, ನಿಮ್ಮಪ್ಪನಾ?" ಮೇಸ್ತ್ರಿ ಗದರಿದ. "ನೀರು ಹಾಕಿ ತೊಳ್ಕೊ. ಹೋದೆಯೋ, ನಾಳೆಯಿಂದ ಬರಲೇಬೇಡ."

ಅಕ್ಕ ತೊಳೆದುಕೊಂಡಳು. "ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ, ಚುಚ್ಚಿದ್ದು ನನಗೆ ಕಣೇ" ಎಂದು ತಂಗಿಯನ್ನೇ ರೇಗಿಸಿದಳು.

ಕೆಲವು ತಿಂಗಳ ಮೇಲೆ ಅವಳ ಕಣ್ಣು ಹಳದಿಗೆ ತಿರುಗಿತು. ಸೂಜಿಯಿಂದ ಹತ್ತಿದ ಸೋಂಕು ಲಿವರನ್ನು ತಿಂದುಹಾಕಿದೆ ಎಂದರು ಡಾಕ್ಟರು. ಆವತ್ತೇ ಬಂದಿದ್ದರೆ ತಡೆಯಬಹುದಿತ್ತು ಎಂದೂ ಹೇಳಿದರು.

*

"ಸೂಜಿ ಚುಚ್ಚಿತ್ತು," ತಂಗಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಆಸ್ಪತ್ರೆಗೆ ಹೋಗಬೇಡ ಅಂದಿದ್ದು ಇವರೇ."

"ಯಾವ ಸೂಜಿ?" ಮೇಸ್ತ್ರಿ ಡ್ರೈವರನ ಕಡೆ ತಿರುಗಿದ. "ನೀನೇ ಹೇಳಪ್ಪ, ನೀನು ನೋಡಿದ್ದೀಯಾ?"

ಕೆಲಸ ಹೋದರೆ ಡ್ರೈವರನ ಮಕ್ಕಳಿಗೂ ದಿಕ್ಕಿಲ್ಲ. ಇವನು ಬಾಯಿ ಬಿಡುವುದಿಲ್ಲ ಎಂದುಕೊಂಡಳು ತಂಗಿ.

"ನೋಡಿದ್ದೀನಿ," ಎಂದ ಅವನು. "ನೀವು ಅಂದಿದ್ದನ್ನೂ ಕೇಳಿಸ್ಕೊಂಡಿದ್ದೀನಿ. ಇವತ್ತು ಲಾರಿ ತೆಗೆಯಲ್ಲ ಸಾರ್."

ಜೊತೆ ಕೆಲಸದವರು ಒಬ್ಬೊಬ್ಬರಾಗಿ ಎದ್ದು ಬಂದು ತಂಗಿಯ ಪಕ್ಕ ನಿಂತರು. ಬಾಗಿಲು ತುಂಬಿತು. ಮೇಸ್ತ್ರಿ ಹಾರ ಹಿಡಿದುಕೊಂಡೇ ಮೆಟ್ಟಿಲಿಳಿದ.

ಅಕ್ಕನನ್ನು ಮಣ್ಣು ಮಾಡಿ ಮರಳುವಾಗ ಬಿಸಿಲೇರಿತ್ತು. ಎತ್ತುವವರಿಲ್ಲದೆ ಬೀದಿಯುದ್ದಕ್ಕೂ ಕಸ ಬಿದ್ದಿತ್ತು; ಮನೆಯವರು ಗೇಟಿಗೆ ಬಂದು ಕೂಗಾಡುತ್ತಿದ್ದರು. ಅವರ ನಡುವೆ ಮೇಸ್ತ್ರಿ ಒಂದು ಚೀಲದ ಗಂಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಕಾಲಿಗೆ ತಾಗದಂತೆ ಕೈಯನ್ನು ದೂರ ಚಾಚಿ, ಅಳೆದಳೆದು ಹೆಜ್ಜೆಯಿಡುತ್ತಿದ್ದ.